ಅಳಿಸದೆ ಉಳಿಸಿಕೊಂಡ ಹತ್ತು

ಸ್ಯಾನ್ ಹೊಸೆಯಲ್ಲಿ ನಮ್ಮ ಮನೆಯ ಹತ್ತಿರದ ಲೈಬ್ರರಿಯಲ್ಲಿ ಶನಿವಾರ ಬೆಳಿಗ್ಗೆ ಒಂದು ಒಗಟು ಬರೆದಿಡುತ್ತಾರೆ. ಬಾಗಿಲು ದಾಟಿದ ಕೂಡಲೇ ಒಂದು ಬಿಳಿ ಬೋರ್ಡು, ಅದರ ಕೆಳಗೆ ಮೇಜಿನ ಮೇಲೆ ಚೀಟಿಗಳು, ಮೊಂಡಾದ ಪೆನ್ಸಿಲುಗಳು, ಉತ್ತರ ಹಾಕಲು ಒಂದು ರಟ್ಟಿನ ಡಬ್ಬಿ. ಮಧ್ಯಾಹ್ನ ಡಬ್ಬಿ ತೆರೆದು, ಸರಿಯಾಗಿ ಬರೆದವರಲ್ಲಿ ಒಬ್ಬರ ಚೀಟಿ ಎತ್ತಿ ಬುಕ್‌ಮಾರ್ಕ್ ಕೊಡುತ್ತಾರೆ. ಹೆಚ್ಚಾಗಿ ಮಕ್ಕಳೇ ಬರೆಯುತ್ತಾರೆ. ನಾನು ಬರೆಯತೊಡಗಿದ್ದು ಮಗಳ ಈಜಿನ ಕ್ಲಾಸಿನಿಂದಾಗಿ. ಅವಳನ್ನು ಈಜುಕೊಳದ ಬಾಗಿಲಲ್ಲಿ ಇಳಿಸಿದ ಮೇಲೆ ಬಿಸಿಲಿನಲ್ಲಿ ಕಾರಿನೊಳಗೆ ಕೂರುವ ಬದಲು ಲೈಬ್ರರಿಗೆ ಬರುತ್ತಿದ್ದೆ.

ಆ ದಿನದ ಪ್ರಶ್ನೆ ಇಷ್ಟೇ: ಕಪಾಟಿನ ಒಂದು ಸಾಲಿನಲ್ಲಿ ನಿಮ್ಮ ಪುಸ್ತಕ ಎಡಗಡೆಯಿಂದ ನಾಲ್ಕನೆಯದು, ಬಲಗಡೆಯಿಂದಲೂ ನಾಲ್ಕನೆಯದು. ಸಾಲಿನಲ್ಲಿ ಒಟ್ಟು ಎಷ್ಟು ಪುಸ್ತಕಗಳಿವೆ?

ಓದುತ್ತಿದ್ದಂತೆಯೇ ಸಾಲು ಕಣ್ಣ ಮುಂದೆ ಬಂತು. ಆ ಕಡೆ ಮೂರು, ಈ ಕಡೆ ಮೂರು, ನಡುವೆ ನನ್ನದು. ಏಳು ಎಂದು ಬರೆದೆ. ಬರೆದು ಚೀಟಿ ಮಡಿಸುವಷ್ಟರಲ್ಲಿ ಅನುಮಾನ ಶುರುವಾಯಿತು. ಇಷ್ಟು ಬೇಗ ಹೊಳೆಯಿತಲ್ಲ. ಇಷ್ಟು ಸುಲಭದ ಪ್ರಶ್ನೆಯನ್ನು ದೊಡ್ಡವರೂ ಓಡಾಡುವ ಜಾಗದಲ್ಲಿ ಯಾಕೆ ಬರೆದಿಟ್ಟಾರು? ನಾಲ್ಕು, ಇನ್ನೊಂದು ನಾಲ್ಕು ಸೇರಿದರೆ ಎಂಟಾಗಬೇಕಲ್ಲ? ಚೀಟಿ ಬಿಡಿಸಿದೆ. ಏಳನ್ನು ಉಜ್ಜಿ ಎಂಟು ಮಾಡಿದೆ. ಮಾಡಿದ ಮೇಲೂ ಸಮಾಧಾನವಿಲ್ಲ. "ಏಳಾ, ಎಂಟಾ" ಎಂದು ಬಾಯಲ್ಲಿ ಗುನುಗುತ್ತಾ ನಿಂತಿದ್ದೆ.

"ಏಳ ಸರಿ ಇತ್ತಲ್ಲರಿ. ಯಾಕ ಅಳಿಸಿದ್ರಿ?"

ಬೆಚ್ಚಿ ತಿರುಗಿದೆ. ನನಗಿಂತ ಹದಿನೈದು ಇಪ್ಪತ್ತು ವರ್ಷ ದೊಡ್ಡವರಿರಬೇಕು. ತಿಳಿ ಹಸಿರು ಸಲ್ವಾರ್, ತಲೆಯ ಮೇಲೆ ಸಡಿಲವಾಗಿ ಹೊದ್ದ ದುಪಟ್ಟಾ, ಕಾಲಲ್ಲಿ ಬಿಳಿ ಓಟದ ಬೂಟು. ಆ ಲೈಬ್ರರಿಯಲ್ಲಿ ಹುಬ್ಬಳ್ಳಿಯ ಕನ್ನಡ ಕೇಳುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

"ನೀವು ಏಳು ಬರೆದ್ರಾ?" ಎಂದು ಕೇಳಿದೆ.

ಅವರು ತಮ್ಮ ಚೀಟಿ ಚಾಚಿದರು. ಉಜ್ಜಿ ಉಜ್ಜಿ ಕಾಗದ ಬೂದುಬಣ್ಣಕ್ಕೆ ತಿರುಗಿತ್ತು, ಒಂದು ಕಡೆ ತೂತೂ ಬಿದ್ದಿತ್ತು. "ಮದಲ ಏಳ ಬರದೆ. ಅಳಿಸಿ ಎಂಟ ಮಾಡಿದೆ. ಮತ್ತ ಏಳ ಮಾಡೀನಿ. ಈಗ ನಿಮ್ಮನ್ನ ನೋಡಿ ಮತ್ತ ಎಂಟ ಮಾಡಬೇಕು ಅನಸಾಕ್ಹತ್ತೈತಿ. ಅದಕ್ಕ ಕೇಳಿದೆ, ಯಾಕ ಅಳಿಸಿದ್ರಿ ಅಂತ."

ಇಬ್ಬರೂ ನಕ್ಕೆವು. ಕೊನೆಗೆ ಮಕ್ಕಳ ವಿಭಾಗದ ಕಪಾಟಿನಿಂದ ಪುಸ್ತಕಗಳನ್ನು ಎಳೆದು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಬೆರಳಿಟ್ಟು ಎಣಿಸಿ, ಏಳೇ ಎಂದು ಖಾತ್ರಿ ಮಾಡಿಕೊಂಡೆವು. ಒಬ್ಬಳು ಸಾಫ್ಟ್‌ವೇರ್ ಕಂಪನಿಯ ಟೆಸ್ಟರ್. ಇನ್ನೊಬ್ಬರು ಹುಬ್ಬಳ್ಳಿಯಲ್ಲಿ ದಶಕಗಳ ಕಾಲ ಸ್ವಂತ ಔಷಧಿ ಅಂಗಡಿ ನಡೆಸಿ, ಈಗ ಮಗಳು ಅಳಿಯನ ಜೊತೆ ಇಲ್ಲಿ ನೆಲೆಸಿದ ಫಾರ್ಮಸಿಸ್ಟ್. ಅಂದಿನಿಂದ ನಾನು ಅವರನ್ನು ಆಪಾ, ಅಂದರೆ ಅಕ್ಕ, ಎಂದು ಕರೆಯತೊಡಗಿದೆ. ಅವರಿಗೆ ನಾನು ಮೊದಲು 'ರೀ' ಆಗಿದ್ದೆ, ಮುಂದಿನ ಶನಿವಾರದ ಹೊತ್ತಿಗೆ ತಂಗಿಯಾದೆ.

ನನಗೆ ಈ ಚಾಳಿ ಎಲ್ಲಿಂದ ಬಂತೆಂದು ಯೋಚಿಸಿದರೆ ನನ್ನ ಸೋದರಮಾವ ನೆನಪಾಗುತ್ತಾರೆ. ಬೆಂಗಳೂರಿನಲ್ಲಿ ನಾವಿದ್ದ ಬಾಡಿಗೆ ಮನೆಗೆ ಭಾನುವಾರ ಊಟಕ್ಕೆ ಬರುತ್ತಿದ್ದರು. ಎಲ್ಲರೂ ಕೂತ ಮೇಲೆ ಒಗಟು ಶುರು. ಒಮ್ಮೆ, "ಹುಂಜ ಗೋಡೆಯ ಮೇಲೆ ಕೂತು ಮೊಟ್ಟೆ ಇಟ್ಟರೆ ಮೊಟ್ಟೆ ಯಾವ ಕಡೆಗೆ ಬೀಳುತ್ತೆ?" ಎಂದು ಕೇಳಿದರು. ನಾನು ಗಾಳಿ ಬೀಸುವ ದಿಕ್ಕು, ಗೋಡೆಯ ಇಳಿಜಾರು ಎಲ್ಲ ವಿಚಾರಿಸಿ, ತಟ್ಟೆಯಲ್ಲಿ ಅನ್ನದ ಗೋಡೆ ಕಟ್ಟಿ, ಈ ಕಡೆ ಎಂದು ತೋರಿಸಿದೆ. ಹುಂಜ ಎಲ್ಲಾದರೂ ಮೊಟ್ಟೆ ಇಡುತ್ತದೆಯೇ ಎಂದು ಮನೆಯವರೆಲ್ಲ ನಕ್ಕರು. ಮಾವನದು ಪ್ರೀತಿಯ ನಗುವೇ. ತಮ್ಮ ಪಾಲಿನ ಹಪ್ಪಳವನ್ನೂ ನನಗೇ ಕೊಟ್ಟರು. ಆದರೆ ಅದಾದ ಮೇಲೆ ನನಗೆ ಯಾವ ಪ್ರಶ್ನೆಯೂ ಬರೀ ಪ್ರಶ್ನೆಯಾಗಿ ಕೇಳಿಸಲಿಲ್ಲ. ಕೆಲವು ವಾರಗಳ ನಂತರ ಅವರು, "ಎಮ್ಮೆಗೆ ಎಷ್ಟು ಕಾಲು ಹೇಳು" ಎಂದರೆ ನಾನು, "ತಡಿ ಮಾವ, ಯೋಚನೆ ಮಾಡ್ಬೇಕು" ಎಂದೆನಂತೆ. "ನಾಲ್ಕು ಕಣೇ ಪೆದ್ದಿ, ಈ ಸಲ ನಿಜವಾಗ್ಲೂ ನಾಲ್ಕು" ಎಂದು ಅವರೇ ಸೋತರಂತೆ. ಈ ಕತೆಯನ್ನು ಅಮ್ಮ ಎಷ್ಟೋ ಜನರಿಗೆ ಹೇಳಿದ್ದಾರೆ.

ಆಮೇಲೆ ಸಿಕ್ಕಿದ ಕೆಲಸವೂ ಅಂಥದ್ದೇ. ಟೆಸ್ಟರ್ ಎಂದರೆ ಎಲ್ಲ ಸರಿಯಿದೆ ಎಂದು ಬೇರೆಯವರು ಹೇಳಿದ್ದನ್ನು ನಂಬದೆ ಇರುವುದಕ್ಕೆ ಸಂಬಳ ಪಡೆಯುವವಳು. ಆಫೀಸಿನಲ್ಲಿ ಅದು ಒಳ್ಳೆಯ ಗುಣ. ಆದರೆ ಮನೆಗೆ ಬಂದ ಮೇಲೆ ಬ್ಯಾಡ್ಜು ತೆಗೆದು ಕೊಕ್ಕೆಗೆ ಹಾಕಿದಷ್ಟು ಸಲೀಸಾಗಿ ಅದನ್ನು ತೆಗೆದಿಡಲು ನನಗೆ ಬರಲಿಲ್ಲ. ಕಾರಿಗೆ ಬೀಗ ಹಾಕಿ, ಅದು ಕುಂಯ್ ಎಂದು ಕೂಗಿದ್ದನ್ನು ಕೇಳಿಸಿಕೊಂಡೂ, ವಾಪಸು ಹೋಗಿ ಹಿಡಿ ಎಳೆದು ನೋಡುತ್ತೇನೆ. ನಾಲ್ಕೂ ಕಡೆ ಸ್ಟಾಪ್ ಬೋರ್ಡಿರುವ ಚೌಕಗಳಲ್ಲಿ ಮೊದಲು ಬಂದು ನಿಂತವಳು ನಾನೇ ಎಂದು ಗೊತ್ತಿದ್ದರೂ ಉಳಿದ ಮೂವರಿಗೂ ಕೈಬೀಸಿ ಹೋಗಿ ಎನ್ನುತ್ತೇನೆ. ಪಕ್ಕದ ಲಾಸ್ ಆಲ್ಟೋಸಿನಂಥ ಊರಿನ ಶಾಂತ ಬೀದಿಗಳಲ್ಲಿ ಉಳಿದ ಮೂವರೂ ನನ್ನಂಥವರೇ ಆಗಿದ್ದರೆ ನಾಲ್ಕು ಕಾರುಗಳು ಪರಸ್ಪರ ಕೈಬೀಸುತ್ತಾ ನಿಂತಿರುತ್ತವೆ.

ಇದನ್ನು ಹೇಳಿದಾಗ ಆಪಾ ಮುಖ ಮುಚ್ಚಿಕೊಂಡು ನಕ್ಕರು. ಲೈಬ್ರರಿಯ ಹಿಂದುಗಡೆ ಒಂದು ಸಣ್ಣ ಅಂಗಳವಿದೆ, ಅಲ್ಲಿ ಕಲ್ಲು ಬೆಂಚುಗಳಿವೆ. ಅವರು ಫ್ಲಾಸ್ಕಿನಲ್ಲಿ ಏಲಕ್ಕಿ ಚಹಾ ತರುತ್ತಿದ್ದರು. ಚಹಾ ಬಗ್ಗಿಸುತ್ತಾ ತಮ್ಮ ಕತೆ ಹೇಳಿದರು.

"ಹುಬ್ಬಳ್ಳಿಯೊಳಗ ನಾ ಸ್ಕೂಟರ್ ಹೊಡದಾಕಿ, ತಂಗಿ. ದುರ್ಗದ ಬೈಲಿನ ಗದ್ದಲದಾಗ, ಹಿಂದ ಔಷಧದ ಡಬ್ಬಿ ಕಟಗೊಂಡು. ಇಲ್ಲಿ ಬಂದ ಮ್ಯಾಲ ಕಾರಿನ ಲೈಸನ್ಸ್ ಬೇಕು ಅಂತ ಹಟಾ ಮಾಡಿದೆ. ಪುಸ್ತಕಾ ಬಾಯಿಪಾಠ. ಪರೀಕ್ಷಾಕ್ಕ ಕುಂತೆ. ನಾಕೂ ಕಡೆ ಸ್ಟಾಪ್ ಇದ್ರ ಯಾರು ಮದಲ ಹೋಗಬೇಕು ಅಂತ ಕೇಳಿದ್ರು. ಮದಲ ಬಂದವರು ಮದಲ. ಸಣ್ಣ ಕೂಸಿಗೂ ಗೊತ್ತಾಗೂ ಮಾತು. ಅದನ್ನ ಆರಿಸಿದ್ದೆ. ಆಮ್ಯಾಲ ನೋಡು, ಸರಕಾರದವರು ಇಷ್ಟ ಸರಳ ಕೇಳ್ಯಾರಂದ್ರ ಇದರಾಗ ಏನೋ ಐತಿ ಅನಿಸ್ತು. ಬದಲ ಮಾಡಿದೆ. ಹಂಗ ಒಂದೊಂದ ಬದಲ ಮಾಡಕೋತ ಹೋಗಿ, ನಪಾಸ್."

"ಆಮೇಲೆ?"

"ಆಮ್ಯಾಲ ಮತ್ತ ಹೋಗಿ ಪಾಸಾದೆ. ಆದ್ರ ಮನ್ಯಾಗ ಇನ್ನೂ ಅಂತಾರ, ಅಮ್ಮಿಗೆ ಎಲ್ಲಾ ಬರತೈತಿ, ಬರತೈತಿ ಅನ್ನೂದೊಂದ ಗೊತ್ತಿಲ್ಲ ಅಂತ."

ಶನಿವಾರದ ಒಗಟು ನಮ್ಮಿಬ್ಬರ ಅಭ್ಯಾಸವಾಯಿತು. ಬೋರ್ಡಿನದು ಸಾಲದೆ ಲೈಬ್ರರಿಯ ಒಗಟಿನ ಪುಸ್ತಕಗಳನ್ನೂ ತೆಗೆದುಕೊಂಡೆವು. ಕಷ್ಟದ ಒಗಟುಗಳಲ್ಲಿ ನಾವು ಅಷ್ಟೇನೂ ಕೆಟ್ಟವರಲ್ಲ ಎಂಬುದು ಕೆಲವೇ ವಾರಗಳಲ್ಲಿ ತಿಳಿಯಿತು. ಕಷ್ಟದ್ದಕ್ಕೆ ಬೆವರು ಸುರಿಸುತ್ತೇವೆ, ಉತ್ತರ ಬಂದಾಗ ಅದು ನಮ್ಮದೆನಿಸುತ್ತದೆ, ಬಿಟ್ಟುಕೊಡುವುದಿಲ್ಲ. ಸೋಲುತ್ತಿದ್ದದ್ದೆಲ್ಲ ಸರಳವಾದವುಗಳಲ್ಲಿ. ಕೇಳಿದ ತಕ್ಷಣ ಸಿಕ್ಕ ಉತ್ತರ ಯಾರೋ ದಾರಿಯಲ್ಲಿ ಕೈಗಿತ್ತ ಪೊಟ್ಟಣದಂತೆ ಕಾಣುತ್ತದೆ. ನಮ್ಮದಲ್ಲ, ಯಾರದೋ, ಒಳಗೆ ಏನಿದೆಯೋ ಎಂದು ಕೈ ಹಿಂಜರಿಯುತ್ತದೆ.

ಒಂದು ಶನಿವಾರ ಬೋರ್ಡಿನ ಮೇಲೆ ಗಡಿಯಾರದ ಲೆಕ್ಕವಿತ್ತು. ಹತ್ತು ನಿಮಿಷ ಹಿಂದೆ ಓಡುವ ಗಡಿಯಾರ ಆರು ಗಂಟೆ ತೋರಿಸುತ್ತಿದೆ, ನಿಜವಾದ ಸಮಯವೆಷ್ಟು ಎಂದು. ಆಪಾ ಐದು ಐವತ್ತು ಎಂದು ಬರೆದರು. ನಾನು ಆರು ಹತ್ತು ಎಂದು ಬರೆದೆ. ಅವರು ಇನ್ನೊಮ್ಮೆ ಬೋರ್ಡು ಓದಿ, "ಅಯ್ಯ, ಹಿಂದ ಅಂತ ಐತಿ. ನಾ ಮುಂದ ಅಂತ ಓದೀನಿ" ಎಂದು ತಿದ್ದಿ ಆರು ಹತ್ತು ಮಾಡಿದರು. ಅದೇ ಹೊತ್ತಿಗೆ ನಾನು, ಅವರು ಮೊದಲು ಐದು ಐವತ್ತು ಬರೆದದ್ದನ್ನು ಕಂಡು, ನನ್ನ ಆರು ಹತ್ತನ್ನು ಅಳಿಸಿ ಐದು ಐವತ್ತು ಮಾಡಿಬಿಟ್ಟಿದ್ದೆ. ಚೀಟಿಗಳನ್ನು ಡಬ್ಬಿಗೆ ಹಾಕಿದೆವು. ಅಂದು ಸರಿ ಉತ್ತರದ ಚೀಟಿ ಎತ್ತಿದಾಗ ಆಪಾಗೆ ಬುಕ್‌ಮಾರ್ಕ್ ಬಂತು.

ಅಂಗಳದಲ್ಲಿ ಕೂತು ಚಹಾ ಕುಡಿಯುವಾಗ ನನಗೆ ಸ್ವಲ್ಪ ಕೋಪವೇ ಬಂದಿತ್ತು. "ನೀವೂ ಬದಲಾಯಿಸಿದ್ರಿ, ನಾನೂ ಬದಲಾಯಿಸಿದೆ. ನಿಮ್ಮದು ಸರಿ ಹೋಯ್ತು, ನನ್ನದು ತಪ್ಪು ಹೋಯ್ತು. ಇದೆಂಥ ನ್ಯಾಯ ಆಪಾ?"

ಆಪಾ ಬುಕ್‌ಮಾರ್ಕನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಆಮೇಲೆ ಕೇಳಿದರು, "ನಿನಗೇನ ಕಾಣಸ್ತು, ಬದಲ ಮಾಡೂಮುಂದ?"

"ಏನು ಕಾಣಿಸ್ತು ಅಂದ್ರೆ?"

"ನನಗ ಒಂದ ಶಬ್ದ ಕಾಣಸ್ತು. ಹಿಂದ ಅನ್ನೂ ಶಬ್ದ. ಅದನ್ನ ನೋಡಿ ಬದಲ ಮಾಡಿದೆ. ನಿನಗ ಏನ ಕಾಣಸ್ತು?"

ನನಗೆ ಏನೂ ಕಾಣಿಸಿರಲಿಲ್ಲ. ಪ್ರಶ್ನೆಯಲ್ಲಿ ಹೊಸದೇನೂ ಸಿಕ್ಕಿರಲಿಲ್ಲ, ಲೆಕ್ಕದಲ್ಲಿ ತಪ್ಪು ಹೊಳೆದಿರಲಿಲ್ಲ. ತಪ್ಪಿರಬಹುದೆಂಬ ಹೆದರಿಕೆ, ಪಕ್ಕದವರ ಚೀಟಿಯ ಮೇಲೊಂದು ಕಣ್ಣು, ಅಷ್ಟೇ. ಅದನ್ನೇ ಹೇಳಿದೆ.

"ಅಂಗಡ್ಯಾಗ ನಾ ಚೀಟಿ ಎರಡ ಸಲ ಓದತಿದ್ದೆ," ಎಂದರು ಆಪಾ. "ಔಷಧ ಅಂದ್ರ ಓದಲೇಬೇಕು. ಎರಡನೇ ಸಲ ಓದಿದಾಗ ಏನರ ಕಂಡ್ರ ಡಾಕ್ಟರಿಗೆ ಫೋನ್ ಹಚ್ಚತಿದ್ದೆ. ಏನೂ ಕಾಣಲಿಲ್ಲ ಅಂದ್ರ ಪುಡಕಿ ಕಟ್ಟಿ ಕೊಡತಿದ್ದೆ. ಎಷ್ಟೋ ವರ್ಷ ಹಂಗ ಮಾಡೀನಿ. ಇಲ್ಲಿ ಬಂದ ಮ್ಯಾಲ ನನಗ ಅದ ಮರತ ಹೋಗಿತ್ತು ನೋಡು. ಈ ಊರಾಗ ಎಲ್ಲಾ ಹೊಸಾದು. ಹಾಲಿನ ಡಬ್ಬಿನೂ ಹತ್ತ ನಮೂನಿ. ಎಲ್ಲಾದರಾಗೂ ನಾ ತಪ್ಪೇನೋ ಅಂತ ಅನಸಾಕ್ಹತ್ತಿತು."

ಆ ಮಾತು ನನಗೆ ಸರಿಯಾಗಿ ತಾಗಿತು. ಮತ್ತೆ ನೋಡುವುದು ಒಂದು ಕೆಲಸ, ಹೆದರುವುದು ಇನ್ನೊಂದು. ಎರಡೂ ರಬ್ಬರ್ ಹಿಡಿದುಕೊಂಡೇ ಬರುವುದರಿಂದ ನಾನು ಇಷ್ಟು ವರ್ಷ ಅವೆರಡನ್ನೂ ಒಂದೇ ಎಂದುಕೊಂಡಿದ್ದೆ. ಅಂದಿನಿಂದ ನಮ್ಮಲ್ಲಿ ಒಂದು ಕರಾರಾಯಿತು. ಅಳಿಸಬೇಕೆನಿಸಿದವರು ಏನು ಕಂಡಿತೆಂದು ಇನ್ನೊಬ್ಬರಿಗೆ ಹೇಳಬೇಕು. ಹೇಳಲು ಏನೂ ಇಲ್ಲದಿದ್ದರೆ ರಬ್ಬರ್ ಕೆಳಗಿಡಬೇಕು.

ಅದು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಎಷ್ಟೋ ಸಲ ಚೀಟಿಯನ್ನು ಡಬ್ಬಿಗೆ ಹಾಕಿ, ಹಿಂದಕ್ಕೆ ತೆಗೆಯಲು ಬೆರಳು ತೂರಿಸಿ, ಲೈಬ್ರರಿಯವರು ನೋಡುತ್ತಿದ್ದಾರೆಂದು ಸುಮ್ಮನಾಗಿದ್ದೇನೆ. ಆದರೂ ಸರಿ ಉತ್ತರಗಳು ಹೆಚ್ಚುತ್ತಾ ಹೋದವು. ಅಡುಗೆಮನೆಯ ಫ್ರಿಜ್ಜಿನ ಮೇಲೆ ಬುಕ್‌ಮಾರ್ಕುಗಳು ಸಾಲುಗಟ್ಟಿದವು. ನನ್ನ ಗಂಡ, "ಇನ್ನು ಓದೋಕೆ ಪುಸ್ತಕಾನೇ ಕಡಿಮೆ ಬೀಳುತ್ತೆ" ಎಂದರು.

ಆಫೀಸಿನಲ್ಲೂ ಒಂದು ಸಂಗತಿ ನಡೆಯಿತು. ನಮ್ಮ ಒಂದು ಪ್ರೋಗ್ರಾಮು ಕೆಲವರ ಕಂಪ್ಯೂಟರಿನಲ್ಲಿ ಮಾತ್ರ, ಅದೂ ಸಂಜೆಯ ಹೊತ್ತು ಮಾತ್ರ, ತಪ್ಪು ತಾರೀಕು ತೋರಿಸುತ್ತಿತ್ತು. ಮೀಟಿಂಗಿನಲ್ಲಿ ದೊಡ್ಡ ದೊಡ್ಡ ಕಾರಣಗಳು ಬಂದವು. ಒಬ್ಬರು ಗೋಡೆಯ ಬೋರ್ಡಿನ ತುಂಬ ಬಾಣಗಳನ್ನು ಎಳೆದರು. ನನಗೆ ಮೊದಲ ನಿಮಿಷದಲ್ಲೇ ಅನಿಸಿದ್ದು, ಇದು ಬೇರೆ ದೇಶದ ಗಡಿಯಾರದ ಪ್ರಕಾರ ದಿನ ಬದಲಾಯಿಸಿಕೊಳ್ಳುತ್ತಿದೆ, ಅಷ್ಟೇ ಎಂದು. ಅಷ್ಟು ಸರಳವಾಗಿದ್ದರೆ ಇವರಿಗೆಲ್ಲ ಹೊಳೆಯದೆ ಇರುತ್ತದೆಯೇ ಎಂದು ಎಂದಿನಂತೆ ಬಾಯಿ ಮುಚ್ಚಿಕೊಳ್ಳುವವಳಿದ್ದೆ. ನನಗೆ ವಿರುದ್ಧವಾದದ್ದು ಏನಾದರೂ ಕಂಡಿದೆಯೇ ಎಂದು ಕೇಳಿಕೊಂಡೆ. ಇಲ್ಲ. ಹೇಳಿಬಿಟ್ಟೆ. ಒಬ್ಬ ಹುಡುಗಿ ಅಲ್ಲೇ ಲ್ಯಾಪ್‌ಟಾಪಿನಲ್ಲಿ ಪರೀಕ್ಷಿಸಿ, "ಹೌದು, ಅದೇ" ಎಂದಳು. ಬಾಣ ಎಳೆದವರು ತಾವೇ ಎದ್ದು ಬೋರ್ಡು ಒರೆಸಿದರು. ಸಂಜೆ ಆಪಾಗೆ ಫೋನ್ ಮಾಡಿ ಹೇಳಿದಾಗ ಅವರು, "ಮತ್ತ? ಪಗಾರ ಸುಮ್ಮನ ಕೊಡತಾರೇನು?" ಎಂದರು. ದನಿಯಲ್ಲಿ ಮಾತ್ರ ಹಬ್ಬದ ಸಡಗರವಿತ್ತು.

ಆ ಹುರುಪಿನಲ್ಲೇ ಇರಬೇಕು, ನನ್ನನ್ನು ಒಂದು ಮಾತೂ ಕೇಳದೆ ಅವರು ನಮ್ಮಿಬ್ಬರ ಹೆಸರನ್ನು ಸ್ಪರ್ಧೆಗೆ ಕೊಟ್ಟುಬಂದರು. ಮಾರ್ಗನ್ ಹಿಲ್‌ನ ಒಂದು ಸಮುದಾಯ ಭವನದಲ್ಲಿ ಒಗಟಿನ ದಿನ, ದೊಡ್ಡವರಿಗೆ, ಇಬ್ಬಿಬ್ಬರ ಜೋಡಿ. ಜೋಡಿಗೊಂದು ಹೆಸರು ಬೇಕಂತೆ. ಆಪಾ "ಮಿರ್ಚಿ ಭಜಿ" ಎಂದು ಬರೆಸಿದ್ದರು.

"ನನ್ನನ್ನ ಕೇಳಬೇಕಿತ್ತು ಆಪಾ."

"ಕೇಳಿದ್ರ ನೀ ಹೂಂ ಅಂತಿದ್ದಿ, ಮತ್ತ ಉಹೂಂ ಅಂತಿದ್ದಿ, ಮತ್ತ ಹೂಂ ಅಂತಿದ್ದಿ. ಅಷ್ಟೊತ್ತಿಗೆ ಸ್ಪರ್ಧಾ ಮುಗದ ಹೋಗತಿತ್ತು."

ಸ್ಪರ್ಧೆಯ ಭಾನುವಾರ ನನ್ನ ಮಗಳೂ ನಮ್ಮ ಜೊತೆ ಬಂದಳು. ಫ್ರೀವೇಯಲ್ಲಿ ದಕ್ಷಿಣಕ್ಕೆ ಹೋಗುತ್ತಿದ್ದಂತೆ ಸ್ಯಾನ್ ಹೊಸೆಯ ಕಟ್ಟಡಗಳು ಹಿಂದೆ ಉಳಿದವು, ಎರಡೂ ಕಡೆ ಒಣಹುಲ್ಲಿನ ಬೆಟ್ಟಗಳು ಹತ್ತಿರವಾದವು. ಆಪಾ ಹಿಂದಿನ ಸೀಟಿನಲ್ಲಿ ಮಗಳಿಗೆ ಪುದೀನಾ ಗುಳಿಗೆ ಕೊಡುತ್ತಾ, ತಾವೂ ಒಂದು ಬಾಯಿಗೆ ಹಾಕಿಕೊಳ್ಳುತ್ತಾ ಬಂದರು. ಅವರಿಗೂ ದಿಗಿಲಾಗಿದೆ ಎಂದು ಗುಳಿಗೆಗಳು ಖಾಲಿಯಾಗುತ್ತಿದ್ದ ವೇಗದಿಂದಲೇ ತಿಳಿಯುತ್ತಿತ್ತು.

ಭವನದಲ್ಲಿ ಎಷ್ಟೊಂದು ಜೋಡಿಗಳು. ಬೆಳಗಿನ ಸುತ್ತು ಬರವಣಿಗೆಯದು. ಅದನ್ನು ನಾವು ದಾಟಿದೆವು. ಮಧ್ಯಾಹ್ನ ಚೂರುಗಳನ್ನು ಜೋಡಿಸಿ ಚಿತ್ರ ಮಾಡುವ ಸುತ್ತು. ಅಲ್ಲಿ ಒಂದು ತಮಾಷೆ ನೋಡಿದೆ. ಸುತ್ತಲ ಮೇಜುಗಳಲ್ಲಿ ಜನ ಸರಿಯಾದ ಜಾಗಕ್ಕೆ ಸರಿಯಾದ ಚೂರು ಕೂರಿಸಿ, ಅದು ಟಕ್ಕೆಂದು ಕೂತದ್ದಕ್ಕೇ ಅನುಮಾನಪಟ್ಟು ಮತ್ತೆ ಕಿತ್ತು ತೆಗೆಯುತ್ತಿದ್ದರು. ನನ್ನ ಕೈಯೂ ಒಮ್ಮೆ ಹೋಯಿತು. ಆಪಾ ಮೆಲ್ಲಗೆ ಚಿವುಟಿದರು. ಆ ಸುತ್ತನ್ನೂ ದಾಟಿದೆವು.

ಕೊನೆಗೆ ವೇದಿಕೆಯ ಮೇಲೆ ಮೂರು ಜೋಡಿಗಳು ಸಮಸಮವಾಗಿ ಉಳಿದೆವು. ಒಂದು, ಲಾಸ್ ಆಲ್ಟೋಸಿನಿಂದ ಬಂದಿದ್ದ ಇಬ್ಬರು ತರುಣರು, ಒಂದೇ ಬಣ್ಣದ ಟೀ ಶರ್ಟು, ಪ್ರತಿ ಪ್ರಶ್ನೆಗೂ ಮೊದಲು ಬರೆದು ಮುಗಿಸುವವರು. ಇನ್ನೊಂದು, ಮಾರ್ಗನ್ ಹಿಲ್‌ನವರೇ ಆದ ವಯಸ್ಸಾದ ದಂಪತಿ. ಗಂಡನ ತಲೆಯ ಮೇಲೆ ಹುಲ್ಲಿನ ಹ್ಯಾಟು, ಸಭೆಯಲ್ಲಿ ಅರ್ಧ ಜನ ಅವರ ಕಡೆಯವರು. ಮೂರನೆಯದು ನಾವು. ನಡೆಸಿಕೊಡುತ್ತಿದ್ದ ಎತ್ತರದ ಹೆಂಗಸು ಮೈಕಿನಲ್ಲಿ ನಮ್ಮನ್ನು "ಮರ್ಚಿ ಬಾಗಿ" ಎಂದು ಕರೆದಾಗ ಮೂರನೇ ಸಾಲಿನಲ್ಲಿದ್ದ ನನ್ನ ಮಗಳು ತಲೆ ತಗ್ಗಿಸಿಕೊಂಡಳು.

ಜೋಡಿಗೊಂದು ಬಿಳಿ ಹಲಗೆ, ಕಪ್ಪು ಪೆನ್ನು, ಒರೆಸಲು ಒಂದು ಬಟ್ಟೆಯ ತುಂಡು. ಒಂದೇ ಪ್ರಶ್ನೆ, ಒಂದೇ ನಿಮಿಷ. ಸರಿ ಬರೆದ ಜೋಡಿ ಗೆದ್ದಂತೆ. ಆಕೆ ಇಂಗ್ಲಿಷಿನಲ್ಲಿ ನಿಧಾನವಾಗಿ ಓದಿದರು, ಹಿಂದಿನ ಪರದೆಯ ಮೇಲೂ ಅದೇ ಮೂಡಿತು. ಒಂದು ಖಾಲಿ ಕೊಳ. ಪ್ರತಿದಿನವೂ ಒಂದೇ ಅಳತೆಯಷ್ಟು ಜಾಗದಲ್ಲಿ ಹೊಸದಾಗಿ ತಾವರೆ ಎಲೆಗಳು ಹರಡಿಕೊಳ್ಳುತ್ತವೆ. ಇಪ್ಪತ್ತನೆಯ ದಿನ ಮುಗಿಯುವಾಗ ಕೊಳ ಪೂರ್ತಿ ಮುಚ್ಚಿಹೋಗುತ್ತದೆ. ಅರ್ಧ ಕೊಳ ಮುಚ್ಚಿದ್ದು ಯಾವ ದಿನ ಮುಗಿಯುವಾಗ?

ಹತ್ತು ಎಂದು ನನ್ನ ಕೈ ತಾನಾಗಿ ಬರೆಯಿತು. ಬರೆದ ಕೂಡಲೇ ಅನುಮಾನ ಶುರುವಾಯಿತು. ದಿನವಿಡೀ ಕಾದು, ಇಷ್ಟು ಜನರನ್ನು ಕೂಡಿಸಿ, ಕೊನೆಯ ಪ್ರಶ್ನೆ ಇದೇ? ಇಪ್ಪತ್ತರ ಅರ್ಧ ಹತ್ತು ಎಂದು ಹೇಳುವುದಕ್ಕೆ ವೇದಿಕೆ ಬೇಕೇ?

ಆಗ ಟೀ ಶರ್ಟಿನ ತರುಣರಲ್ಲಿ ಒಬ್ಬ ಇನ್ನೊಬ್ಬನಿಗೆ, ಇದು ನನಗೆ ಗೊತ್ತು ಎಂದು ಪಿಸುಗುಟ್ಟಿದ್ದು ಕೇಳಿಸಿತು. ಅವನಿಗೆ ಗೊತ್ತಿದ್ದದ್ದು ನನಗೂ ಥಟ್ಟನೆ ನೆನಪಾಯಿತು. ಹಳೆಯ ಒಗಟೊಂದಿದೆ. ಅದರಲ್ಲಿ ಎಲೆಗಳು ಪ್ರತಿದಿನ ಎರಡರಷ್ಟಾಗುತ್ತವೆ, ಆದ್ದರಿಂದ ಅರ್ಧ ತುಂಬುವುದು ಕೊನೆಯ ದಿನದ ಹಿಂದಿನ ದಿನ. ಹತ್ತು ಎಂದವರನ್ನು ನೋಡಿ ಎಲ್ಲರೂ ನಗುತ್ತಾರೆ. ವಯಸ್ಸಾದ ದಂಪತಿಯ ಕಡೆ ನೋಡಿದೆ. ಹೆಂಡತಿಯ ಹಲಗೆಯ ಮೇಲೆ ಹತ್ತು ಎಂದಿತ್ತು. ಆಕೆಯೂ ತರುಣರತ್ತ ನೋಡುತ್ತಿದ್ದರು. ಗಂಡ ಕಿವಿಯಲ್ಲಿ ಏನೋ ಹೇಳಿದರು. ಆಕೆ ಅಂಗೈಯಿಂದಲೇ ಹತ್ತನ್ನು ಒರೆಸಿದರು.

ಆಪಾ ನನ್ನ ಕೈಯಿಂದ ಬಟ್ಟೆಯ ತುಂಡು ಕಸಿದುಕೊಂಡರು. "ಹತ್ತೊಂಬತ್ತು ಮಾಡು ತಂಗಿ, ಹತ್ತೊಂಬತ್ತು. ಇದನ್ನ ನನ್ನ ಮೊಮ್ಮಗ ಕೇಳಿದ್ದ. ನಾ ಹತ್ತು ಅಂದಿದ್ದೆ, ಮನೀ ಮಂದಿಯೆಲ್ಲಾ ನಕ್ಕಿದ್ರು."

ನನ್ನ ಮನಸ್ಸೂ ಅದನ್ನೇ ಕೂಗುತ್ತಿತ್ತು. ಒರೆಸು, ಎಲ್ಲರೂ ಒರೆಸುತ್ತಿದ್ದಾರೆ ಎಂದು. ಆದರೂ ಅವರ ಕೈ ಹಿಡಿದೆ. "ಏನ್ ಕಾಣಿಸ್ತು ಆಪಾ?"

"ಏನ ಕಾಣಸೂದು? ಟೈಮ್ ಇಲ್ಲ."

"ಪ್ರಶ್ನೇಲಿ ಏನ್ ಕಾಣಿಸ್ತು, ಅದನ್ನ ಹೇಳಿ."

ಅವರು ಪರದೆಯ ಕಡೆ ತಿರುಗಿದರು. ನಾನೂ ತಿರುಗಿದೆ. ಇಬ್ಬರೂ ಒಂದೊಂದೇ ಪದ ಓದಿದೆವು. ಪ್ರತಿದಿನವೂ ಒಂದೇ ಅಳತೆ. ಎರಡರಷ್ಟು ಎಂಬ ಮಾತು ಎಲ್ಲಿಯೂ ಇಲ್ಲ. ಹೆದರಿಕೆ ಹಾಗೆಯೇ ಇತ್ತು. ಆದರೆ ಆ ಪರದೆಯ ಮೇಲೆ ಹೆದರಿಕೆಗೆ ಕಾರಣವಾಗುವ ಒಂದು ಅಕ್ಷರವೂ ಇರಲಿಲ್ಲ.

"ಏನೂ ಕಾಣಲಿಲ್ಲ," ಎಂದರು ಆಪಾ.

"ನನಗೂ ಕಾಣಿಸ್ಲಿಲ್ಲ."

"ಹಂಗಾರ ಇರಲಿ ಬಿಡು. ನಕ್ರ ನಗಲಿ." ಬಟ್ಟೆಯ ತುಂಡನ್ನು ಮಡಿಸಿ ತಮ್ಮ ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಗಟ್ಟಿಯಾಗಿ ಕೂತರು.

ಗಂಟೆ ಹೊಡೆಯಿತು. ಮೂರು ಹಲಗೆಗಳು ಮೇಲೆದ್ದವು. ಹತ್ತೊಂಬತ್ತು, ಹತ್ತೊಂಬತ್ತು, ಹತ್ತು. ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಾನು ಹಲಗೆಯನ್ನು ಇಳಿಸಲಿಲ್ಲ. ಎತ್ತರದ ಹೆಂಗಸು ಮೂರನ್ನೂ ನೋಡಿದರು, ಬೇಕೆಂದೇ ತಡ ಮಾಡಿದರು. ಆಮೇಲೆ ಪ್ರಶ್ನೆಯನ್ನು ಇನ್ನೊಮ್ಮೆ ಓದಿದರು. "ಒಂದೇ ಅಳತೆಯಷ್ಟು" ಎಂಬಲ್ಲಿ ದನಿ ಏರಿಸಿದಾಗ ಕಿಸಕ್ಕೆಂದವರ ನಗು ನಿಂತಿತು. ಉತ್ತರ ಹತ್ತು, ಗೆದ್ದವರು ಮರ್ಚಿ ಬಾಗಿ ಎಂದು ಆಕೆ ಘೋಷಿಸಿದರು.

ಮೊದಲು ಎದ್ದು ಬಂದವರು ಆ ಇಬ್ಬರು ತರುಣರು. ಪ್ರಶ್ನೆಯನ್ನು ಓದುವ ಮೊದಲೇ ಉತ್ತರ ನೆನಪಾಗಿಬಿಟ್ಟಿತು ಎಂದು ಒಬ್ಬ ತಲೆ ಕೆರೆದುಕೊಂಡು ಕೈ ಕುಲುಕಿದ. ವಯಸ್ಸಾದ ಹೆಂಡತಿ ತಮ್ಮ ಕಪ್ಪಾದ ಅಂಗೈಯನ್ನು ನನಗೆ ತೋರಿಸಿ, "ನನ್ನ ಹತ್ತು ಇಲ್ಲಿದೆ ನೋಡಿ" ಎಂದು ಜೋರಾಗಿ ನಕ್ಕರು, ಗಂಡನ ಹ್ಯಾಟನ್ನು ಕಿತ್ತು ಅವರ ಬೆನ್ನಿಗೆ ಒಂದು ಏಟು ಕೊಟ್ಟರು. ನಮಗೆ ಕೊಟ್ಟದ್ದು ಒಂದು ಮರದ ಬಟ್ಟಲು, ಹೊಳಪು ಹಾಕಿದ್ದು, ನೀರು ಹಾಕಿದರೆ ಸೋರುವಂಥದ್ದು. ಆಪಾ ಅದನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿ ಹಿಡಿದರು. ದುಪಟ್ಟಾ ಜಾರಿ ಹೆಗಲಿಗೆ ಬಿತ್ತು. ಅವರು ಅದನ್ನು ಸರಿಮಾಡಿಕೊಳ್ಳಲೂ ಇಲ್ಲ.

ಮಗಳು ಓಡಿಬಂದು ನಮ್ಮಿಬ್ಬರನ್ನೂ ಒಟ್ಟಿಗೆ ಅಪ್ಪಿಕೊಂಡಳು. "ಯೂ ಗೈಸ್ ಡಿಡ್ ನಾಟ್ ಇರೇಸ್ ಇಟ್" ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು. ಗೆದ್ದದ್ದಕ್ಕಿಂತ ಅಳಿಸದೆ ಬಿಟ್ಟದ್ದೇ ಅವಳಿಗೆ ದೊಡ್ಡದಾಗಿ ಕಂಡಿತ್ತು. ಅಳಿಸುವ ಅಮ್ಮನನ್ನು ಹುಟ್ಟಿದಾಗಿನಿಂದ ನೋಡಿದ್ದಾಳೆ.

ವಾಪಸು ಬರುವಾಗ ರಸ್ತೆ ಬದಿಯ ಹಣ್ಣಿನ ಅಂಗಡಿಯಲ್ಲಿ ಚೆರಿ ಕೊಂಡು ಆ ಬಟ್ಟಲಿಗೆ ಸುರಿದೆವು. ಆಪಾ ತಮ್ಮ ಮಗಳಿಗೆ ಫೋನ್ ಹಚ್ಚಿ, ಕೊನೆಯ ಪ್ರಶ್ನೆ ಏನೆಂಬುದೊಂದನ್ನು ಬಿಟ್ಟು ಉಳಿದ ಕತೆಯೆಲ್ಲ ಶುರುಮಾಡಿದರು. ಮೊದಲ ಸಲ ಹೇಳಿದಾಗ ಸಭೆಯಲ್ಲಿ ನೂರು ಜನರಿದ್ದರು. ಅಳಿಯ ಫೋನ್ ತೆಗೆದುಕೊಂಡಾಗ ಮುನ್ನೂರಾದರು. ಅಲ್ಲಿ ಅಷ್ಟು ಕುರ್ಚಿಗಳೇ ಇರಲಿಲ್ಲ ಎಂದು ನಾನು ಮುಂದಿನ ಸೀಟಿನಿಂದ ಹೇಳಿದೆ.

"ಮಂದಿ ನಿಂತಿದ್ರವಾ," ಎಂದರು ಆಪಾ, ಚೆರಿಯ ಬೀಜವನ್ನು ಅಂಗೈಗೆ ಉಗುಳಿ. "ಬಾಗಲ ತನಕ ನಿಂತಿದ್ರು."

ಅವರ ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಅವರ ಮಗಳು, ಅಳಿಯ, ಮೊಮ್ಮಗ ಮೂವರೂ ಅಂಗಳಕ್ಕೆ ಇಳಿದು ಕಾಯುತ್ತಿದ್ದರು. ಹತ್ತಲ್ಲ ಹತ್ತೊಂಬತ್ತು ಎಂದು ಅಜ್ಜಿಯನ್ನು ಹಿಂದೊಮ್ಮೆ ಸೋಲಿಸಿದ್ದ ಆ ಮೊಮ್ಮಗ ಈಗ ಕಾಲೇಜು ಓದುವ ತರುಣ. ಆಪಾ ಕಾರಿನಿಂದ ಇಳಿಯದೆ, ಕಿಟಕಿಯಿಂದಲೇ ಅವನಿಗೆ ಪ್ರಶ್ನೆ ಕೇಳಿದರು. ಅವನು ಥಟ್ಟನೆ ಹತ್ತೊಂಬತ್ತು ಎಂದ. ಆಪಾ ಬಾಗಿಲು ತೆರೆದು, ಬಟ್ಟಲನ್ನು ಎದೆಗೊತ್ತಿಕೊಂಡು, ಸಣ್ಣಗೆ ನಗುತ್ತಾ ಅವನ ಮುಂದಿನಿಂದಲೇ ಮನೆಯೊಳಗೆ ನಡೆದರು. ಯಾಕೆ, ಏನು ತಪ್ಪು ಎಂದು ಕೇಳುತ್ತಾ ಮನೆಯವರೆಲ್ಲ ಅವರ ಹಿಂದೆ ಹೋದರು.